ಚಂದ್ರ ಕಾಣೋವರೆಗೆ

ನಮ್ಮ ಮನೆಯಲ್ಲಿ ಯುಗಾದಿ ದಿನ ಯಾರೂ ಯಾರಿಗೂ ಹೊಡೆಯುವಂತಿರಲಿಲ್ಲ. ಉಳಿದ ದಿನ ಹೊಡೆಯಬಹುದಿತ್ತು.

ಇದು ಅಪ್ಪ ಮಾಡಿದ ಕಾನೂನಲ್ಲ. ಅವನ ಅಪ್ಪನ ಕಾಲದಿಂದ ಬಂದದ್ದು. ಯುಗಾದಿ ದಿನ ಏನಾಗುತ್ತದೋ ಅದೇ ವರ್ಷವೆಲ್ಲ ಆಗುತ್ತದೆ ಎಂದು ನಮ್ಮ ಕಡೆ ಎಲ್ಲರೂ ನಂಬುತ್ತಾರೆ. ಆ ದಿನ ಅತ್ತರೆ ವರ್ಷವೆಲ್ಲ ಅಳು, ಏಟು ತಿಂದರೆ ವರ್ಷವೆಲ್ಲ ಏಟು. ಅದಕ್ಕೇ ಅಪ್ಪ ಹಬ್ಬದ ಬೆಳಿಗ್ಗೆ ಎದ್ದ ಕೂಡಲೇ ಬಾಗಿಲ ಮೂಲೆಯಲ್ಲಿದ್ದ ಏಟಿನ ಕಡ್ಡಿ, ಹುಣಸೆ ಬರ್ಲನ್ನು ತೆಗೆದು, ನಮಗೆ ಕೈಗೆಟುಕದ ಹಾಗೆ ಸೂರಿಗೆ ಸಿಕ್ಕಿಸಿಬಿಡುತ್ತಿದ್ದ. ಸಂಜೆ ಎಲ್ಲರೂ ಕೆರೆ ಏರಿಗೆ ಹೋಗಿ ಹೊಸ ಚಂದ್ರನನ್ನು ನೋಡಬೇಕು. ನೋಡಿ, ಹಿರಿಯರ ಕಾಲಿಗೆ ಬಿದ್ದು ಎದ್ದರೆ ಹಬ್ಬ ಮುಗಿಯಿತು. ಆಮೇಲೆ ಬರ್ಲು ಕೆಳಗಿಳಿಯುತ್ತಿತ್ತು.

ಏಟಿಲ್ಲದ ಯುಗಾದಿ ಆದ ಮೇಲೂ ವರ್ಷವೆಲ್ಲ ಏಟು ಹೇಗೆ ಬೀಳುತ್ತದೆ ಎಂದು ಒಮ್ಮೆ ಅವ್ವನನ್ನು ಕೇಳಿದ್ದೆ.

"ಆವತ್ತೂ ಬಿದ್ದಿದ್ರೆ ಇನ್ನೂ ಜಾಸ್ತಿ ಬೀಳ್ತಿತ್ತು ಕಣ್ಲಾ" ಅಂದಳು.

ಅಪ್ಪ ಕುಡಿಯುತ್ತಿರಲಿಲ್ಲ. ಕುಡುಕನ ಮಕ್ಕಳೇ ವಾಸಿ. ಕುಡುಕ ಹೊಡೆದು ಸುಸ್ತಾಗಿ ಮಲಗುತ್ತಾನೆ, ಬೆಳಿಗ್ಗೆ ಮರೆತಿರುತ್ತಾನೆ. ಅಪ್ಪ ಯಾವುದನ್ನೂ ಮರೆಯುತ್ತಿರಲಿಲ್ಲ. ಅಮೃತಹಳ್ಳಿ ಕೆರೆಯ ಕೆಳಗೆ ನಮಗೆ ಒಂದು ತುಂಡು ಜಮೀನು, ಒಂದು ಬಾವಿ. ಎತ್ತು ಕಟ್ಟಿ ಕಪಿಲೆ ಹೊಡೆದು ನೀರೆತ್ತಿ ಸೊಪ್ಪು, ಬದನೆಕಾಯಿ ಬೆಳೆಯುತ್ತಿದ್ದ. ಕಪಿಲೆಯ ಹಗ್ಗ ಎಳೆದೆಳೆದು ಅವನ ಅಂಗೈ ಗೊರಸಿನ ಹಾಗಾಗಿತ್ತು. ಆ ಕೈಯಲ್ಲಿ ಎತ್ತಿಗೆ ಹೊಡೆಯುತ್ತಿದ್ದ, ಅವ್ವನಿಗೆ ಹೊಡೆಯುತ್ತಿದ್ದ, ಅಕ್ಕನಿಗೂ ನನಗೂ ಹೊಡೆಯುತ್ತಿದ್ದ. ಎತ್ತಿಗೆ ಸ್ವಲ್ಪ ಕಡಿಮೆ.

ಅಂಥ ಮನೆಯಲ್ಲಿ ಏಟಿಲ್ಲದ ಒಂದು ದಿನ ಅಂದರೆ ಏನು ಎಂದು ಬೇರೆಯವರಿಗೆ ಹೇಳಿದರೆ ತಿಳಿಯುವುದಿಲ್ಲ. ಬೆಳಿಗ್ಗೆ ಅವ್ವ ನಮ್ಮನ್ನು ಬಚ್ಚಲಲ್ಲಿ ಮಣೆಯ ಮೇಲೆ ಕೂರಿಸಿ ನೆತ್ತಿಗೆ ಹರಳೆಣ್ಣೆ ಹಾಕಿ ತಟ್ಟುತ್ತಿದ್ದಳು. ತಪ ತಪ ಎಂದು ಹಟ್ಟಿಗೆಲ್ಲ ಕೇಳಬೇಕು, ಇಲ್ಲದಿದ್ದರೆ ಎಣ್ಣೆ ಇಳಿಯುವುದಿಲ್ಲವಂತೆ. ಆ ದಿನ ನಮ್ಮ ತಲೆಗೆ ಬೀಳುತ್ತಿದ್ದದ್ದು ಅದೊಂದೇ. ಅದನ್ನು ಯಾರೂ ಏಟು ಎನ್ನುತ್ತಿರಲಿಲ್ಲ. ಬೇವಿನ ಸೊಪ್ಪು ಹಾಕಿ ಕಾಯಿಸಿದ ನೀರು ಹುಯ್ಯಿಸಿಕೊಂಡು, ಹೊಸ ಚಡ್ಡಿ ಹಾಕಿಕೊಂಡು, ಹೊರಗೆ ಬಂದರೆ ನಾನೂ ಅಕ್ಕನೂ ರಾಕ್ಷಸರು. ಮನೆಯೊಳಗೆ ಶಿಳ್ಳೆ ಹೊಡೆಯುತ್ತಿದ್ದೆವು. ಅಪ್ಪನ ಪಾಲಿನ ಬೇವುಬೆಲ್ಲದಲ್ಲಿ ಬೆಲ್ಲ ತೆಗೆದು ಬರೀ ಬೇವು ಇಡುತ್ತಿದ್ದೆವು. ಅಪ್ಪ ಅದನ್ನು ನಿಧಾನವಾಗಿ ಅಗಿದು ನುಂಗಿ, ನಮ್ಮ ಕಡೆ ನೋಡಿ ಒಂದೇ ಮಾತು ಹೇಳುತ್ತಿದ್ದ.

"ಚಂದ್ರ ಕಾಣ್ಲಿ."

ಇನ್ನೊಂದು ತಪ್ಪು ಮಾಡಿದರೆ ಇನ್ನೊಂದು ಸಲ "ಚಂದ್ರ ಕಾಣ್ಲಿ." ಎಷ್ಟು ಸಲ ಹೇಳಿದ್ದಾನೋ ಅಷ್ಟೂ ಅವನಿಗೆ ನೆನಪಿರುತ್ತಿತ್ತು. ಗೊತ್ತಿದ್ದೂ ನಾವು ನಿಲ್ಲಿಸುತ್ತಿರಲಿಲ್ಲ. ಮಕ್ಕಳಿಗೆ ಸಂಜೆ ಬಹಳ ದೂರ.

ನನಗೆ ಒಂಬತ್ತು ವರ್ಷವಾಗಿದ್ದಾಗ ಒಂದು ಉಪಾಯ ಮಾಡಿದೆ. ಏರಿಯ ಮೇಲೆ ಎಲ್ಲರೂ "ಅಗೋ, ಅಗೋ" ಎಂದು ಕೈ ತೋರಿಸುತ್ತಿದ್ದರು. ಚಂದ್ರ ಉಗುರು ಕತ್ತರಿಸಿ ಬಿಸಾಡಿದ ಹಾಗಿದ್ದ. ನನಗೂ ಚೆನ್ನಾಗಿ ಕಾಣುತ್ತಿತ್ತು. ನಾನು "ನಂಗೆ ಕಾಣ್ತಿಲ್ಲ" ಅಂದೆ. ಕಾಣದಿದ್ದರೆ ನನ್ನ ಹಬ್ಬ ಮುಗಿಯುವುದಿಲ್ಲವಲ್ಲ.

ಅಪ್ಪ ನನ್ನ ಎರಡೂ ಕಿವಿ ಹಿಡಿದು ಮೇಲಕ್ಕೆತ್ತಿದ. ಕಾಲು ನೆಲ ಬಿಟ್ಟಿತು.

"ಈಗ ಕಂಡ್ನಾ?"

"ಇಲ್ಲ."

ಕೆಳಗಿಳಿಸಿ ಎಡಗೆನ್ನೆಗೆ ಬಿಟ್ಟ. ಕಿವಿಯೊಳಗೆ ಏನೋ ಹರಿಯಿತು. ಬಿಸಿಯಾಗಿ ಕುತ್ತಿಗೆಗೆ ಇಳಿಯಿತು. ಅವತ್ತಿನಿಂದ ಆ ಕಿವಿಯಲ್ಲಿ ದುಂಬಿಯೊಂದು ಕೂತಿದೆ, ಈಗಲೂ ಗುಯ್ ಎನ್ನುತ್ತಿರುತ್ತದೆ. ಮನೆಗೆ ಬಂದು ಉಳಿದ ಏಟನ್ನೂ ಕೊಟ್ಟ. ಒಂದೂ ಬಿಡಲಿಲ್ಲ.

ಹದಿನೈದಕ್ಕೆ ನಾನು ಯಶವಂತಪುರದ ಗೂಡ್ಸ್ ಶೆಡ್ಡಿಗೆ ಮೂಟೆ ಹೊರಲು ಸೇರಿದೆ. ಕೈಯಲ್ಲಿ ಕೊಕ್ಕೆ, ಹೆಗಲ ಮೇಲೆ ಗೋಣಿ ತುಂಡು. ಎಡಗಡೆಯಿಂದ ಯಾರಾದರೂ "ಸೈಡು" ಎಂದು ಕೂಗಿದರೆ ನನಗೆ ಕೇಳುವುದಿಲ್ಲ. ಎರಡು ಸಲ ಮೂಟೆ ಮೈಮೇಲೆ ಬಿದ್ದಿದೆ. ಅಕ್ಕನನ್ನು ಚಿಕ್ಕಜಾಲದ ಕಡೆ ಕೊಟ್ಟಿದ್ದರು. ಅಪ್ಪನ ಏಟು ತಪ್ಪಿತು ಎಂದು ಅವಳು ನಗುತ್ತಲೇ ಹೋಗಿದ್ದಳು. ಅಲ್ಲಿ ಬಾವ ಇದ್ದ.

ಬಾವ ಅಕ್ಕನ ಮುಂಗೈ ಮುರಿದ ಸುದ್ದಿ ಬಂದ ದಿನ ಶೆಡ್ಡಿನಿಂದ ಸೀದಾ ಅವರ ಮನೆಗೆ ಹೋದೆ. ಕೊಕ್ಕೆ ಸೊಂಟದಲ್ಲೇ ಇತ್ತು. ಮೂಟೆಗೆ ಹಾಕುವ ಹಾಗೆ ಅವನ ತೋಳಿಗೆ ಹಾಕಿ ಎಳೆದೆ. ಅವನು ಒಂದು ಮೂಟೆಯಷ್ಟೂ ಭಾರ ಇರಲಿಲ್ಲ. ಅಂಗಳದಲ್ಲಿ ಎಳೆದಾಡಿ ಬಿಟ್ಟು ಅಕ್ಕನನ್ನೂ ಮಕ್ಕಳನ್ನೂ ಕರೆದುಕೊಂಡು ಬಂದೆ. ಮಗ ಆರು ವರ್ಷದವನು, ಮಗಳು ನಾಲ್ಕು ವರ್ಷದವಳು. ಇಬ್ಬರೂ ಬಾಗಿಲ ಸಂದಿಯಿಂದ ಎಲ್ಲವನ್ನೂ ನೋಡಿದ್ದರು. ಆಗ ನಾನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ಹುಡುಗನಿಗೆ ಒಂದು ಅಭ್ಯಾಸವಿತ್ತು. ಯಾರಾದರೂ ಹತ್ತಿರ ಬಂದು ಕೈ ಎತ್ತಿದರೆ ಸಾಕು, ತಲೆ ಕೆರೆದುಕೊಳ್ಳಲು ಎತ್ತಿದರೂ ಸರಿ, ಅವನ ಮೊಣಕೈ ತಾನಾಗಿ ಮುಖದ ಮುಂದೆ ಬಂದು ನಿಲ್ಲುತ್ತಿತ್ತು. ನನ್ನ ಮುಂದೆ ಮಾತ್ರ ಬರುತ್ತಿರಲಿಲ್ಲ. ಅವನ ಅಪ್ಪನಿಂದ ಅವನನ್ನು ಬಿಡಿಸಿಕೊಂಡು ಬಂದ ಮಾವ ನಾನು.

ಅಪ್ಪ ಮೊದಲ ವಾರ ಮೊಮ್ಮಕ್ಕಳು ಎಂದು ಸುಮ್ಮನಿದ್ದ. ಎರಡನೇ ವಾರ ಹುಡುಗ ಕಳೆ ಎಂದು ಸೊಪ್ಪಿನ ಸಸಿ ಕಿತ್ತ. ಬರ್ಲು ಮೂಲೆಯಿಂದ ಹೊರಗೆ ಬಂತು. ನಾನು ಕತ್ತಲಿಗೆ ಮೊದಲು ಹೋಗಿ ಕತ್ತಲಾದ ಮೇಲೆ ಬರುತ್ತಿದ್ದವನು. ಹುಡುಗನ ತೊಡೆಯ ಮೇಲೆ ಬಾಸುಂಡೆ ನೋಡಿ ಅಪ್ಪನ ಹತ್ತಿರ ಕೂಗಾಡಿದೆ. ಅಕ್ಕ ನನ್ನ ಬಾಯಿ ಮುಚ್ಚಿದಳು.

"ಬುಡೋ, ಕೈ ಮುಗೀತೀನಿ. ಇಲ್ಲಿಂದಾನೂ ಎಲ್ಲಿಗೆ ಓಗ್ಲಿ?"

ಚೀನಾದ ಜೊತೆ ಯುದ್ಧ ಆಯಿತಲ್ಲ, ಅದಾದ ಮೇಲೆ ಬಂದ ಯುಗಾದಿ ಅದು. ಹಬ್ಬದ ಹಿಂದಿನ ದಿನ ಹುಡುಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಮಾವಿನ ಸೊಪ್ಪು ತರಲು ಹೋಗಿದ್ದೆ. ಜಕ್ಕೂರಿನಿಂದ ಎದ್ದ ಸಣ್ಣ ವಿಮಾನವೊಂದು ತಲೆಯ ಮೇಲೇ ಹಾದುಹೋಯಿತು. ಬೇರೆ ಮಕ್ಕಳಾದರೆ ಕೈ ಬೀಸಿ ಓಡುತ್ತಾರೆ. ಇವನು ನನ್ನ ತಲೆ ತಬ್ಬಿಕೊಂಡು ಮುಖ ಮುಚ್ಚಿಕೊಂಡ.

"ಲೋ, ನಾಳೆ ಉಗಾದಿ ಕಣೋ. ನಾಳೆ ಯಾರೂ ಹೊಡೆಯಂಗಿಲ್ಲ" ಅಂದೆ.

"ತಾತಾನೂ?"

"ತಾತನ್ ತಾತ ಬಂದ್ರೂ ಹೊಡೆಯಂಗಿಲ್ಲ."

"ಏನ್ ಮಾಡುದ್ರೂನಾ ಮಾವ?"

"ಏನ್ ಮಾಡುದ್ರೂನೂ."

ಆಮೇಲೆ ನನ್ನ ಸರಿಯಿರುವ ಕಿವಿಯ ಹತ್ತಿರ ಬಾಗಿ, "ತಾತನ್ ರುಮಾಲು ಕಿತ್ಕೊಂಡ್ರೂ?" ಅಂದ.

"ಕಿತ್ಕೊಂಡು ಕೌಪೀನ ಮಾಡ್ಕೊಳೋ."

ನಕ್ಕ. ಅವನ ಹೊಟ್ಟೆ ಕುಣಿಯುವುದು ನನ್ನ ಕುತ್ತಿಗೆಗೆ ಗೊತ್ತಾಯಿತು. ನಮ್ಮ ಮನೆಗೆ ಬಂದ ಮೇಲೆ ಅವನು ನಕ್ಕಿದ್ದು ಅದೇ ಮೊದಲು.

ನಾನು ಅವನಿಗೆ ಅರ್ಧ ಕಾನೂನು ಮಾತ್ರ ಹೇಳಿದ್ದೆ. ಚಂದ್ರನ ವಿಷಯ ಹೇಳಲಿಲ್ಲ. ಆ ಅರ್ಧವನ್ನು ನಾನು ನೋಡಿಕೊಳ್ಳುತ್ತೇನೆ ಎಂದುಕೊಂಡೆ. ಹೇಗೆ ಎಂದು ಯೋಚಿಸಿರಲಿಲ್ಲ. ಈ ಮಗುವಿಗೆ ಒಂದು ಹಬ್ಬ ಪೂರ್ತಿ ಸಿಗಬೇಕು, ಮೈಮೇಲೆ ಯಾರ ಕೈಯೂ ಬೀಳಬಾರದು. ಅಷ್ಟೇ ನನ್ನ ತಲೆಯಲ್ಲಿದ್ದದ್ದು.

ಹಬ್ಬದ ದಿನ ಬೆಳಿಗ್ಗೆ ಅಪ್ಪ ಬರ್ಲನ್ನು ಸೂರಿಗೆ ಸಿಕ್ಕಿಸಿದ. ಅವ್ವ ಮಕ್ಕಳ ನೆತ್ತಿಗೆ ಎಣ್ಣೆ ತಟ್ಟಿದಳು. ಒಂದೇ ಥಾನಿನ ಗೀರು ಗೀರಿನ ಬಟ್ಟೆಯಲ್ಲಿ ಅಪ್ಪನಿಗೆ ಅಂಗಿ, ನನಗೆ ಅಂಗಿ, ಹುಡುಗನಿಗೆ ಅಂಗಿ, ಚಿಕ್ಕವಳಿಗೆ ಲಂಗ. ಮೂವರು ಗಂಡಸರು ಸಾಲಾಗಿ ನಿಂತರೆ ಒಬ್ಬನನ್ನೇ ಮೂರು ಅಳತೆಯಲ್ಲಿ ಹೊಲಿದ ಹಾಗಿತ್ತು. ಅಕ್ಕ ನೋಡಿ ನಕ್ಕಳು. ಮನೆಯ ಮುಂದಿನ ಹುಣಸೆ ಮರಕ್ಕೆ ಕಪಿಲೆಯ ಹಳೇ ಹಗ್ಗ ಕಟ್ಟಿ, ಬಚ್ಚಲ ಮಣೆಯನ್ನೇ ಸಿಕ್ಕಿಸಿ ಉಯ್ಯಾಲೆ ಮಾಡಿದೆ. ನಾನು ತೂಗುವಾಗ ಚಿಕ್ಕವಳಿಗೆ ಎಣಿಸುವುದನ್ನು ಹೇಳಿಕೊಟ್ಟೆ. ಒಂದು ತೂಗಿಗೆ ಒಂದು ಅಂಕಿ. ಅವಳಿಗೆ ಏಳರವರೆಗೆ ಬಂತು. ಎಂಟು ನಾಲಿಗೆಗೆ ಹತ್ತಲಿಲ್ಲ. ಏಳಾದ ಮೇಲೆ ಮತ್ತೆ ಒಂದು ಅನ್ನುತ್ತಿದ್ದಳು.

ಹುಡುಗ ಮೊದಲು ಸಣ್ಣದಾಗಿ ಶುರು ಮಾಡಿದ. ಅಪ್ಪ ಕೊಟ್ಟ ಬೇವುಬೆಲ್ಲವನ್ನು ಅವನ ಕಾಲ ಹತ್ತಿರವೇ ಉಗಿದು, ಮೊಣಕೈ ಎತ್ತಿಕೊಂಡು ನಿಂತ.

"ಚಂದ್ರ ಕಾಣ್ಲಿ" ಅಂದ ಅಪ್ಪ.

ಏಟು ಬೀಳಲಿಲ್ಲ. ಹುಡುಗ ಮೊಣಕೈ ಸಂದಿಯಿಂದ ನನ್ನ ಕಡೆ ನೋಡಿದ. ನಾನು ಕಣ್ಣು ಹೊಡೆದೆ. ಅಲ್ಲಿಂದ ಅವನನ್ನು ಹಿಡಿಯುವವರಿರಲಿಲ್ಲ. ಒಬ್ಬಟ್ಟಿನ ಹೂರಣವನ್ನು ಎಡೆ ಇಡುವ ಮೊದಲೇ ಮುಷ್ಟಿಯಲ್ಲಿ ಹಿಡಿದು ಓಡಿದ. "ಚಂದ್ರ ಕಾಣ್ಲಿ." ಅಪ್ಪನ ರುಮಾಲು ಕಿತ್ತು ಸೊಂಟಕ್ಕೆ ಸುತ್ತಿಕೊಂಡು ಹಟ್ಟಿ ತುಂಬ ಕುಣಿದ. "ಚಂದ್ರ ಕಾಣ್ಲಿ." ಊಟಕ್ಕೆ ನಾಲ್ಕು ಒಬ್ಬಟ್ಟು ತಿಂದು, ಐದನೆಯದನ್ನು ತಂಗಿಯ ತಲೆಯ ಮೇಲಿಟ್ಟ. ಅವಳೂ ಕೇಕೆ ಹಾಕಿದಳು. ನಾನೂ ನಕ್ಕೆ. ಅವನಲ್ಲಿ ಇಷ್ಟು ಕೇಡಿತನ ಇದೆ ಎಂದು ನೋಡಿ ನನಗೆ ಖುಷಿಯಾಯಿತು.

ಮಧ್ಯಾಹ್ನದ ಮೇಲೆ ಅಪ್ಪ ಊರಿನ ನಾಲ್ಕು ಜನರ ಜೊತೆ ಮರದ ಕೆಳಗೆ ಎಲೆಯಡಿಕೆ ಹಾಕಿಕೊಂಡು ಕೂತಿದ್ದ. ಹುಡುಗ ಖಾಲಿ ಉಯ್ಯಾಲೆಯನ್ನು ಹಿಂದಕ್ಕೆ ಎಳೆದು, ತನ್ನೆಲ್ಲ ಬಲ ಹಾಕಿ ಬಿಟ್ಟ. ಅಪ್ಪ ಅದೇ ಹೊತ್ತಿಗೆ ಉಗಿಯಲು ಎದ್ದ. ಮಣೆಯ ಮೂಲೆ ಅವನ ಬಾಯಿಗೆ ಬಡಿಯಿತು. ತೆಂಗಿನಕಾಯಿ ಒಡೆದ ಹಾಗೆ ಸದ್ದಾಯಿತು. ಅಪ್ಪ ಅಂಗೈಗೆ ಉಗಿದ. ಎಲೆಯಡಿಕೆ, ರಕ್ತ, ಅದರಲ್ಲಿ ಒಂದು ಹಲ್ಲು. ಹೊಸ ಅಂಗಿಯ ಗೀರುಗಳ ಮೇಲೆ ಕೆಂಪು ಇಳಿಯುತ್ತಿತ್ತು.

ಕೂತಿದ್ದವರಲ್ಲಿ ಒಬ್ಬ ನಕ್ಕ. "ಏನ್ ಯಜಮಾನ, ಮೊಮ್ಮಗ ಹಲ್ಲೇ ಉದುರಿಸ್ಬುಟ್ನಲ್ಲ! ನಿನ್ ವಂಸಾನೇ ಬುಡು."

ಉಳಿದವರೂ ನಕ್ಕರು. ಅಪ್ಪ ನಗಲಿಲ್ಲ. ಹಲ್ಲನ್ನು ಅಂಗಿಯ ಜೇಬಿಗೆ ಹಾಕಿಕೊಂಡ. ಹುಡುಗನನ್ನೇ ನೋಡುತ್ತ, ತುಟಿ ಊದಿಕೊಂಡಿದ್ದರಿಂದ ತೊದಲಿ ಹೇಳಿದ.

"ಅಬ್ಬ ಅಲ್ವಾ ಇವತ್ತು. ಚಂದ್ರ ಕಾಣ್ಲಿ."

ಹುಡುಗ ನನ್ನ ಹತ್ತಿರ ಬಂದ. "ಮಾವ, ಚಂದ್ರ ಕಂಡ್ರೆ ಏನಾಯ್ತದೆ?"

"ಕೈ ಮುಗಿಯೋದು, ಇನ್ನೇನು" ಅಂದೆ. ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಆ ಸಂಜೆ ಮೋಡ. ಏರಿಯ ಮೇಲೆ ಊರಿಗೆ ಊರೇ ಕತ್ತು ಎತ್ತಿಕೊಂಡು ನಿಂತರೂ ಚಂದ್ರ ಕಾಣಲಿಲ್ಲ. ಯುಗಾದಿಯಲ್ಲಿ ಒಂದೊಂದು ವರ್ಷ ಹಾಗಾಗುತ್ತದೆ, ಮಾರನೆಯ ದಿನ ನೋಡುತ್ತೇವೆ. ಅಪ್ಪ, "ಎಲ್ಲೋಯ್ತಾನೆ? ನಾಳೆ ಬತ್ತಾನೆ" ಎಂದು ತುಟಿ ಒರೆಸಿಕೊಂಡು ಮನೆ ಕಡೆ ನಡೆದ.

ದಾರಿಯಲ್ಲಿ ಚಿಕ್ಕವಳು ಅವ್ವನನ್ನು ಕೇಳಿದಳು. "ಅಜ್ಜಿ, ಚಂದ್ರ ಬಂದ್ರೆ ಏನು?"

ಅವ್ವನಿಗೆ ಮಕ್ಕಳ ಹತ್ತಿರ ಮುಚ್ಚಿಡುವುದು ಗೊತ್ತಿಲ್ಲ. "ಚಂದ್ರ ಬಂದ್ರೆ ಬರ್ಲು ಇಳೀತದೆ ಕಣವ್ವ" ಅಂದಳು.

ಹುಡುಗ ನನ್ನ ಕೈ ಬಿಟ್ಟ.

ಮಾರನೆಯ ದಿನ ವರ್ಷತೊಡಕು, ಬಾಡೂಟದ ದಿನ. ಉಯ್ಯಾಲೆ ಕಟ್ಟಿದ್ದ ಮರದ ಇನ್ನೊಂದು ಕೊಂಬೆಗೆ ಟಗರು ತೂಗುಹಾಕಿದೆವು. ಕಾಲು ಹಿಡಿದದ್ದು ನಾನು, ಕತ್ತಿ ಹಿಡಿದದ್ದು ಅಪ್ಪ. ಅವನ ಕೈ ಒಂದು ಸಲವೂ ತಪ್ಪುವುದಿಲ್ಲ. ಚರ್ಮ ಅಂಗಿ ಬಿಚ್ಚಿದ ಹಾಗೆ ಬಂತು. ಊರವರು ಮುತ್ತುಗದ ಎಲೆ ಹಾಸಿ ಮಾಂಸವನ್ನು ಗುಡ್ಡೆ ಮಾಡಿ ಹಂಚಿಕೊಂಡರು. ನಾಯಿಗಳು ರಕ್ತ ನೆಕ್ಕುತ್ತಿದ್ದವು. ಹುಡುಗ ಉಯ್ಯಾಲೆಯ ಹಗ್ಗ ಹಿಡಿದು ಬೆಳಗಿನಿಂದ ಅಲ್ಲೇ ನಿಂತಿದ್ದ, ಕೂರಲಿಲ್ಲ.

"ಬಾರೋ, ತೂಗ್ತೀನಿ."

"ನೀನ್ ಯೋಳ್ಲಿಲ್ಲ" ಅಂದ.

"ಏನು?"

"ಚಂದ್ರಂದು."

"ನಾನಿದೀನಿ ಕಣೋ. ನಿನ್ನ ಯಾರ್ ಮುಟ್ತಾರೆ ನೋಡೇಬಿಡ್ತೀನಿ."

ಅವನು ನನ್ನ ಕೈ ನೋಡಿದ. ಟಗರಿನ ರಕ್ತ ಮೊಣಕೈವರೆಗೆ ಇತ್ತು.

ಒಳಗೆ ಹೋಗಿ ಸೂರಿನಿಂದ ಬರ್ಲನ್ನು ಕಿತ್ತೆ. ಎಷ್ಟು ವರ್ಷ ಅದನ್ನು ಕೆಳಗಿನಿಂದ ನೋಡಿದ್ದೆನೋ! ಕೈಗೆ ಬಂದರೆ ಕಡ್ಡಿ, ಅಷ್ಟೆ. ನಾಲ್ಕು ತುಂಡು ಮಾಡಿ ಬಾಡಿನ ಮಡಕೆಯ ಕೆಳಗೆ ತುರುಕಿದೆ. ಅಕ್ಕ ಮಸಾಲೆ ರುಬ್ಬುತ್ತ ನೋಡಿದಳು. ಒಲೆಯನ್ನು ಇನ್ನಷ್ಟು ಊದಿದಳು.

ಸಂಜೆ ಮೋಡ ಇರಲಿಲ್ಲ. ಹೆಬ್ಬಾಳದ ಕಡೆ ಆಕಾಶ ಇನ್ನೂ ಕೆಂಪಗಿರುವಾಗಲೇ ಯಾರೋ "ಅಗೋ" ಅಂದರು. ಎಲ್ಲರೂ ಕೈ ಮುಗಿದರು. ಹುಡುಗ ಎರಡೂ ಅಂಗೈಯಿಂದ ಕಣ್ಣು ಒತ್ತಿ ಹಿಡಿದಿದ್ದ. ಅಣ್ಣನನ್ನು ನೋಡಿ ತಂಗಿಯೂ ಹಾಗೇ ಮಾಡಿದ್ದಳು. ನನ್ನ ಉಪಾಯವನ್ನು ನಾನು ಅವನಿಗೆ ಹೇಳಿಕೊಟ್ಟಿರಲಿಲ್ಲ. ಅವನೇ ಕಂಡುಹಿಡಿದಿದ್ದ. ನನ್ನ ಎಡಗಿವಿಯ ದುಂಬಿ ಜೋರಾಗಿ ಕೂಗತೊಡಗಿತು.

ಜನ ಒಬ್ಬರ ಕಾಲಿಗೆ ಒಬ್ಬರು ಬೀಳುತ್ತಿದ್ದರು. ಅಪ್ಪ ಯಾರ ನಮಸ್ಕಾರಕ್ಕೂ ನಿಲ್ಲದೆ ಮನೆ ಕಡೆ ಹೊರಟ. ನಾನು ಹಿಂದೆ ಓಡಿದೆ. ಅವನು ಸೂರಿಗೆ ಕೈ ಹಾಕಿದ, ಆ ತುದಿಯಿಂದ ಈ ತುದಿಯವರೆಗೆ ತಡವಿದ. ಆಮೇಲೆ ನನ್ನ ಕಡೆ ತಿರುಗಿದ. ಹೊರಗೆ ಹೋಗಿ ಉಯ್ಯಾಲೆಯ ಗಂಟು ಬಿಚ್ಚಿದ. ಮಣೆ ದಪ್ ಎಂದು ಬಿತ್ತು. ಹಗ್ಗವನ್ನು ಎರಡು ಮಡಿಕೆ ಮಾಡಿದ.

"ಬಾ ಇಲ್ಲಿ" ಎಂದು ಹುಡುಗನನ್ನು ಕರೆದ.

ಅಷ್ಟರಲ್ಲಿ ಅವ್ವ, ಅಕ್ಕ, ಮಕ್ಕಳು ಬಂದಿದ್ದರು. ಹುಡುಗ ತಾನೇ ಮುಂದೆ ಬಂದ. ಕಣ್ಣು ಇನ್ನೂ ಮುಚ್ಚಿಕೊಂಡೇ ಇದ್ದ, ಎಡವಿಕೊಂಡು ಬಂದ.

"ತಾತ, ನಾನ್ ನೋಡೇ ಇಲ್ಲ. ನಂಗಿನ್ನೂ ಅಬ್ಬ."

ಹಗ್ಗ ಅವನ ಬೆನ್ನಿಗೆ ಬಿತ್ತು. ಅವನು ಮುಗ್ಗರಿಸಿದ, ಕೂಗಲಿಲ್ಲ. ಉಸಿರು ಸಿಕ್ಕಿಕೊಂಡಿತ್ತು. ಎರಡನೆಯದು ಬೀಳುವ ಮೊದಲು ನಾನು ಅಪ್ಪನ ಮೇಲೆ ಬಿದ್ದೆ.

ಮೂಟೆ ಹೊರುವವನ ಮೈಗೆ ಭಾರ ತೂಗಿ ಗೊತ್ತಿರುತ್ತದೆ. ಅವನ ಸೊಂಟ ಹಿಡಿದು ಎತ್ತಿ ನೆಲಕ್ಕೆ ಹಾಕಿದೆ. ಬಿದ್ದವನ ಕೈಯಿಂದ ಹಗ್ಗ ಕಿತ್ತುಕೊಂಡೆ. ಆಮೇಲೆ ಅದೇ ಹಗ್ಗದಲ್ಲಿ ಹೊಡೆದೆ. ಬಿಡಿಸುವುದಕ್ಕೆ ಎಂದು ಹೋದವನು ನಾನು. ಬಿಡಿಸಿ ಆಗಿತ್ತು. ಆದರೂ ಹೊಡೆದೆ. ಬೆನ್ನಿಗೆ, ತೋಳಿಗೆ, ಎಲ್ಲಿ ಬಿತ್ತೋ ಅಲ್ಲಿಗೆ. ಅವನ ಒಡೆದ ತುಟಿ ಮತ್ತೆ ಬಿಚ್ಚಿಕೊಂಡಿತು. ಕಿವಿಗೆ ಒಂದು, ಒಂಬತ್ತು ವರ್ಷದ ನನಗಾಗಿ ಒಂದು, ಅಕ್ಕನಿಗಾಗಿ ಒಂದು ಎಂದೆಲ್ಲ ನಾನು ಯೋಚಿಸಲಿಲ್ಲ. ಆಗ ಯೋಚನೆ ಇರುವುದಿಲ್ಲ. ಕೈಗೆ ಹಿತವಾಗಿತ್ತು. ಅದನ್ನು ಮುಚ್ಚಿಡುವುದಿಲ್ಲ.

ಅಪ್ಪ ಮೊಣಕೈ ಎತ್ತಿ ಮುಖಕ್ಕೆ ಅಡ್ಡ ಹಿಡಿದ. ಥೇಟ್ ಹುಡುಗ ಹಿಡಿಯುವ ಹಾಗೆ. ಅಪ್ಪನಿಗೂ ಅದು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಯಾರ ಕೈಯಲ್ಲಿ ಕಲಿತಿದ್ದನೋ.

ಹಿಂದಿನಿಂದ ಸಣ್ಣ ದನಿ ಕೇಳಿಸಿತು. "ಐದು. ಆರು. ಏಳು." ಚಿಕ್ಕವಳು ಎಣಿಸುತ್ತಿದ್ದಳು. ಉಯ್ಯಾಲೆಯ ಹಗ್ಗ ಆಡಿದರೆ ಎಣಿಸಬೇಕು ಎಂದು ನಾನೇ ತಾನೆ ಹೇಳಿಕೊಟ್ಟದ್ದು. ಏಳಾದ ಮೇಲೆ ಅವಳು ಮತ್ತೆ "ಒಂದು" ಅಂದಳು.

ಆಗ ನಿಲ್ಲಿಸಿದೆ.

ಅವ್ವ ಚೊಂಬಿನಲ್ಲಿ ನೀರು ತಂದು ಅಪ್ಪನ ಪಕ್ಕದಲ್ಲಿಟ್ಟಳು. ನನ್ನ ಮುಖ ನೋಡಲಿಲ್ಲ. ಅಪ್ಪ ಎದ್ದು ಕೂತು ಬಾಯಿ ಮುಕ್ಕಳಿಸಿ ಉಗಿದ. "ಅಬ್ಬ ಮುಗೀತಲ್ಲ, ಸರಿ ಬುಡು" ಅಂದ. ಅಷ್ಟೇ. ಕಾನೂನಿನ ಪ್ರಕಾರ ನಾನು ತಪ್ಪು ಮಾಡಿರಲಿಲ್ಲ. ಚಂದ್ರ ಕಂಡಾಗಿತ್ತು.

ನಾನು ಹಗ್ಗ ಬಿಸಾಡಿ ಹುಡುಗನನ್ನು ಎತ್ತಿಕೊಳ್ಳಲು ಕೈ ಚಾಚಿದೆ. ಅವನ ಮೊಣಕೈ ಮುಖಕ್ಕೆ ಬಂತು. ನನ್ನ ಮುಂದೆ, ಮೊದಲ ಸಲ. ಆಮೇಲೆ ಬಗ್ಗಿ ನನ್ನ ಎರಡೂ ಪಾದ ಮುಟ್ಟಿದ.

"ಕಂಡ ಕಣ್ ಮಾವ. ಚಂದ್ರ ಕಂಡ. ನೋಡ್ದೆ. ದಮ್ಮಯ್ಯ."

ಬಿದಿಗೆ ಚಂದ್ರ ಹೆಚ್ಚು ಹೊತ್ತು ಇರುವುದಿಲ್ಲ. ಅಷ್ಟರಲ್ಲಿ ಮುಳುಗಿಹೋಗಿದ್ದ. ಏಟಿಗೆ ಹೆದರಿ ನಾನು, ಚಂದ್ರ ಕಾಣಲಿಲ್ಲ ಎಂದು ಸುಳ್ಳು ಹೇಳಿದ್ದೆ. ಇವನು ಏಟಿಗೆ ಹೆದರಿ, ಕಂಡ ಎಂದು ಸುಳ್ಳು ಹೇಳಿದ.

ಬಾಡಿನ ಸಾರು ಮಡಕೆಯಲ್ಲೇ ಉಳಿಯಿತು. ಬೆಳಿಗ್ಗೆ ಅವ್ವ ಅದನ್ನು ನಾಯಿಗೆ ಹಾಕಿದಳು.

ಅಪ್ಪ ಆಮೇಲೆ ಯಾರ ಮೇಲೂ ಕೈ ಮಾಡಲಿಲ್ಲ. ನನ್ನ ಮೇಲಿನ ಹೆದರಿಕೆಯೋ, ತೋಳು ಮೊದಲಿನ ಹಾಗೆ ಏಳದೆ ಹೋದದ್ದೋ, ಕೇಳಲಿಲ್ಲ. ಊರಿನಲ್ಲಿ ಹುಡುಗರು "ಗುರು, ನಿಮ್ಮಪ್ಪಂಗೆ ಇಕ್ಕಿದ್ಯಂತೆ" ಎಂದು ಬೆನ್ನು ತಟ್ಟಿದರು. ಗೆದ್ದವನು ನಾನೇ. ಆದರೆ ನಾನು ಒಳಗೆ ಬಂದರೆ ಮಾತು ನಿಲ್ಲುತ್ತಿತ್ತು. ಅವ್ವ ನನಗೆ ಮೊದಲು ಬಡಿಸತೊಡಗಿದಳು, ಹಿಂದೆ ಅಪ್ಪನಿಗೆ ಬಡಿಸುತ್ತಿದ್ದ ಹಾಗೆ. ಗೋಡೆಯ ಮೇಲಿನ ಗೂಟದಿಂದ ಟವಲು ತೆಗೆಯಲು ಕೈ ಎತ್ತಿದರೆ ಹುಡುಗನ ಮೊಣಕೈ ಏಳುತ್ತಿತ್ತು. ಯಶವಂತಪುರದಿಂದ ಬತ್ತಾಸು ತಂದೆ, ಬುಗುರಿ ತಂದೆ, ಪೀಪಿ ತಂದೆ. ಒಂದು ಕೈಯಲ್ಲಿ ತೆಗೆದುಕೊಳ್ಳುತ್ತಿದ್ದ, ಇನ್ನೊಂದು ಮೊಣಕೈ ಅಲ್ಲೇ. ಒಂದು ದಿನ ಸಿಟ್ಟು ಬಂದು "ಯಾಕೋ? ನಾನ್ ಯಾವತ್ತಾರಾ ನಿನ್ನ ಹೊಡ್ದಿದೀನೇನೋ?" ಎಂದು ಕೂಗಿದೆ. ಚಡ್ಡಿಯಲ್ಲೇ ಉಚ್ಚೆ ಹುಯ್ದುಕೊಂಡ. ಆಮೇಲೆ ಕೂಗುವುದನ್ನೂ ಬಿಟ್ಟೆ.

ಮುಂದಿನ ಯುಗಾದಿ ಬಂತು. ಸೂರಿನಲ್ಲಿ ಸಿಕ್ಕಿಸಲು ಬರ್ಲು ಇರಲಿಲ್ಲ. ಅಪ್ಪ ಬೆಳಿಗ್ಗೆ ಎದ್ದು ಅಭ್ಯಾಸಕ್ಕೆ ಬಾಗಿಲ ಮೂಲೆ ನೋಡಿ, ಜಗಲಿಯ ಮೇಲೆ ಹೋಗಿ ಕೂತ. ಅವ್ವನಿಗೆ ಸೊಂಟ ಹಿಡಿದಿತ್ತು. ಅಕ್ಕ ಒಬ್ಬಟ್ಟಿಗೆ ಬೇಳೆ ಬೇಯಿಸುತ್ತಿದ್ದಳು. ಮಕ್ಕಳಿಗೆ ಎಣ್ಣೆ ತಟ್ಟುವ ಕೆಲಸ ನನಗೆ ಬಂತು.

ಚಿಕ್ಕವಳು ತಟ್ಟಿಸಿಕೊಂಡು ಓಡಿದಳು. ಹುಡುಗ ಮಣೆಯ ಮೇಲೆ ಕೂತ. ಅಂಗೈಗೆ ಹರಳೆಣ್ಣೆ ಹಾಕಿಕೊಂಡು ಅವನ ನೆತ್ತಿಯ ಮೇಲೆ ಕೈ ಎತ್ತಿದೆ. ಮೊಣಕೈ ಬಂತು. ಕಾದೆ. ಎಣ್ಣೆ ನನ್ನ ಬೆರಳ ಸಂದಿಯಿಂದ ಅವನ ಮೊಣಕಾಲಿಗೆ ತೊಟ್ಟಿಕ್ಕಿತು. ಕೆಳಗಿಳಿಯಲಿಲ್ಲ ಆ ಮೊಣಕೈ. ನಾನು ಮೂಟೆ ಎತ್ತಬಲ್ಲೆ, ಬಾವನನ್ನು ಎಳೆಯಬಲ್ಲೆ, ಅಪ್ಪನನ್ನು ಕೆಡವಬಲ್ಲೆ. ಏಳು ವರ್ಷದ ಮಗುವಿನ ಮೊಣಕೈ ಇಳಿಸುವುದು ಹೇಗೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಎಣ್ಣೆ ಬಟ್ಟಲನ್ನು ಅವನ ಕೈಗೆ ಕೊಟ್ಟೆ. ಅವನನ್ನು ಎಬ್ಬಿಸಿ ನಾನು ಮಣೆಯ ಮೇಲೆ ಕೂತೆ.

"ಮೊದ್ಲು ನಂಗೆ ತಟ್ಟು" ಅಂದೆ.

"ನಾನಾ?"

"ಇನ್ಯಾರು? ತಟ್ಟೋ."

ಹುಡುಗ ಎಣ್ಣೆ ಸುರಿದ. ಅರ್ಧ ನನ್ನ ಕಣ್ಣಿಗೆ ಬಂತು. ಬೆರಳ ತುದಿಯಿಂದ ನೆತ್ತಿ ಮುಟ್ಟಿ ಕೈ ಹಿಂದಕ್ಕೆ ತೆಗೆದ.

"ಏನೋ ಇದು, ಸೊಳ್ಳೆ ಕೂತಂಗೆ? ಜೋರಾಗಿ."

ಇನ್ನೊಂದು. ಸ್ವಲ್ಪ ಜೋರು.

"ಎಣ್ಣೆ ಇಳೀಬೇಡ್ವೇನೋ? ಹಟ್ಟಿಗೆಲ್ಲ ಕೇಳ್ಬೇಕು."

ಆಗ ಬಿಟ್ಟ ನೋಡಿ. ಎರಡೂ ಕೈಯಲ್ಲಿ ತಪ ತಪ ತಪ ಎಂದು ನೆತ್ತಿಗೆ, ಹಣೆಗೆ, ಕಿವಿಗೆ. ಎಡಗಿವಿಗೂ ಎರಡು ಬಿತ್ತು. ದುಂಬಿ ಎದ್ದು ಗುಯ್ಗುಟ್ಟಿತು. ಕಣ್ಣಲ್ಲಿ ಉರಿ. ಅವನು ಉಸಿರು ಬಿಡದೆ, ಹಲ್ಲು ಕಚ್ಚಿಕೊಂಡು ಬಾರಿಸುತ್ತಿದ್ದ. ತಂಗಿ ಬಾಗಿಲಿಗೆ ಬಂದು ಎಣಿಸತೊಡಗಿದಳು. ಈ ವರ್ಷ ಅವಳಿಗೆ ಇಪ್ಪತ್ತರವರೆಗೆ ಬರುತ್ತಿತ್ತು.

ಜಗಲಿಯಿಂದ ಅಪ್ಪ ಕತ್ತು ಚಾಚಿ ನೋಡಿದ. ಹಲ್ಲಿಲ್ಲದ ಸಂದಿಯಿಂದ ಗಾಳಿ ಬಿಡುತ್ತ ಹೇಳಿದ.

"ಲೇ, ಉಗಾದಿ ದಿನ ಏಟು ತಿಂತಾ ಇದ್ದೀಯ. ವರ್ಸವೆಲ್ಲ ತಿಂತೀಯ ನೋಡು."

"ತಿಂತೀನಿ ಬಿಡು" ಅಂದೆ.

ಹುಡುಗ ಹಿಂದಿನಿಂದ ಕಿಸಕ್ಕನೆ ನಕ್ಕು ಇನ್ನೊಂದು ಬಿಟ್ಟ.